ಪದವಿಯ ಬಳಿಕ

ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣ ತರುಣಿಯರ ಮುಂದೆ ಮೊತ್ತಮೊದಲು ಬಂದು ನಿಲ್ಲುವುದು ‘ಮುಂದೇನು?’ ಎಂಬ ಪ್ರಶ್ನೆ. ನೆಂಟರಿಷ್ಟರು ಕೇಳುತ್ತಾರೆ, ನೆರೆಹೊರೆಯವರು ಕೇಳುತ್ತಾರೆ. ಸಾಲ ಮಾಡಿ ಓದಿಸಿದ ತಂದೆ ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ. ಫಲಿತಾಂಶ ಬಂದ ಮೇಲೆ ಉತ್ತರವನ್ನು ಹುಡುಕತೊಡಗಿದವರಿಗೆ ಒಂದೆರಡು ವರ್ಷಗಳು ಅಲೆದಾಟದಲ್ಲಿಯೇ ಕಳೆದುಹೋಗುವುದುಂಟು. ಕಾಲೇಜಿನ ಮೆಟ್ಟಿಲು ಹತ್ತುವಾಗಲೇ ಈ ಚಿಂತನೆ ಆರಂಭವಾಗಬೇಕು.

ವೃತ್ತಿಯ ಆಯ್ಕೆಯನ್ನು ಕ್ರಮಬದ್ಧವಾಗಿ ವಿವೇಚಿಸಿದ ಮೊದಲಿಗರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಒಬ್ಬರು. 1908ರಲ್ಲಿ ಅವರು ಬಾಸ್ಟನ್ ನಗರದಲ್ಲಿ ತರುಣರಿಗೆ ಸಲಹೆ ನೀಡುವ ಸಂಸ್ಥೆಯೊಂದನ್ನು ತೆರೆದರು. ತನ್ನ ಶಕ್ತಿ, ಅಭಿರುಚಿ, ಮಿತಿಗಳ ಅರಿವು. ಉದ್ಯೋಗವು ಬೇಡುವ ಅರ್ಹತೆ, ಅದರ ಸಂಬಳ, ಕಷ್ಟಸುಖಗಳ ತಿಳಿವಳಿಕೆ. ಇವೆರಡನ್ನೂ ತಾಳೆ ನೋಡುವ ವಿವೇಚನೆ - ಈ ಮೂರೂ ಬೇಕೆಂಬುದು ಅವರ ಮತ. ಸಂಬಳವೆಷ್ಟೆಂದು ಎಲ್ಲರೂ ವಿಚಾರಿಸುತ್ತಾರೆ; ತನ್ನನ್ನು ತಾನು ವಿಚಾರಿಸಿಕೊಳ್ಳುವವರು ವಿರಳ. ಗೆಳೆಯ ಸೇರಿದ ತರಗತಿಗೇ ತಾನೂ ಸೇರುವುದು ಆಯ್ಕೆಯಲ್ಲ, ಅನುಕರಣೆ.

ವಿಶ್ವೇಶ್ವರಯ್ಯನವರ ವಿದ್ಯಾರ್ಥಿಜೀವನ ಇಲ್ಲಿ ನೆನೆಯತಕ್ಕದ್ದು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಪದವಿ ಕೈಗೆ ಬಂದಿತು. ಪದವೀಧರರು ಬೆರಳೆಣಿಕೆಯಷ್ಟಿದ್ದ ಕಾಲವದು. ಯಾವುದಾದರೊಂದು ಕೆಲಸವನ್ನು ಹಿಡಿದು ನೆಮ್ಮದಿಯಾಗಿರಬಹುದಾಗಿತ್ತು. ಮನೆಯ ಬಡತನವೂ ಆ ದಾರಿಯನ್ನೇ ತೋರುವಂತಹುದು. ಆದರೆ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಎಂಜಿನಿಯರಿಂಗ್ ಕಲಿಯಲು ಪುಣೆಯ ವಿಜ್ಞಾನ ಕಾಲೇಜಿಗೆ ತೆರಳಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಸಿದವರೂ ಅವರೇ. ಆ ವಿದ್ಯೆಗಾಗಿ ತಾವು ನಾಡನ್ನು ಬಿಟ್ಟು ಹೋಗಬೇಕಾಗಿದ್ದುದನ್ನು ಅವರು ಮರೆತಿರಲಾರರು.

ಎಲ್ಲರಿಗೂ ಅಂತಹ ಮೇಧಾಶಕ್ತಿ ಇರುವುದಿಲ್ಲ, ನಿಜ. ಆದರೆ ಕೆಲಸವನ್ನು ಕೈಯಾರೆ ಮಾಡಿ ಕಲಿಯುವ ಅವಕಾಶ ಸಾಮಾನ್ಯ ವಿದ್ಯಾರ್ಥಿಗೂ ಉಂಟು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆ ಮೊದಲಾದೆಡೆಗಳಲ್ಲಿ ತರಬೇತಿಗೆ ವ್ಯವಸ್ಥೆ ಮಾಡಿತು. 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಇದರಲ್ಲಿ ಸೇರಿಸಿತು. ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ದೊರೆಯುತ್ತದೆ. ತರಬೇತಿ ಮುಗಿದೊಡನೆ ಅಲ್ಲಿಯೇ ನೌಕರಿ ಖಚಿತವೆಂದು ಭಾವಿಸಬಾರದು. ಕಲಿತ ಕೆಲಸವಂತೂ ಎಲ್ಲಿ ಹೋದರೂ ಜೊತೆಗಿರುತ್ತದೆ.

ಇನ್ನು ಅರ್ಜಿಯ ವಿಷಯ. ಪ್ರಕಟಣೆಯನ್ನು ಪೂರ್ತಿ ಓದದೆ ಅರ್ಜಿ ಹಾಕುವವರೇ ಹೆಚ್ಚು. ವಯೋಮಿತಿ, ವಿದ್ಯಾರ್ಹತೆ, ಕೊನೆಯ ದಿನಾಂಕ ಇವನ್ನು ಗಮನಿಸಿ, ಕೇಳಿದ ವಿವರಗಳನ್ನು ಕೇಳಿದ ಕ್ರಮದಲ್ಲಿಯೇ ಕೊಡಬೇಕು. ಬಾರದ ವಿದ್ಯೆಯನ್ನು ಬರುವುದೆಂದು ಬರೆದರೆ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ‘ತಿಳಿಯದು’ ಎಂದು ವಿನಯದಿಂದ ಒಪ್ಪಿಕೊಂಡವನನ್ನು ಯಾವ ಸಂದರ್ಶಕನೂ ಹೀನಾಯವಾಗಿ ಕಾಣುವುದಿಲ್ಲ.

ದಾಖಲೆಗಳ ವಿಷಯದಲ್ಲಿ ಆಗುವ ತೊಂದರೆ ಬೇರೊಂದು ಬಗೆಯದು. ಒಂದು ಪತ್ರದಲ್ಲಿ ತಂದೆಯ ಹೆಸರು ಸಿದ್ದಪ್ಪ, ಇನ್ನೊಂದರಲ್ಲಿ ಸಿದ್ಧಪ್ಪ. ಒಂದರಲ್ಲಿ ಜನ್ಮದಿನಾಂಕ ಜೂನ್ ತಿಂಗಳಿನದು, ಮತ್ತೊಂದರಲ್ಲಿ ಜುಲೈ ತಿಂಗಳಿನದು. ಇಂತಹ ಅಲ್ಪ ವ್ಯತ್ಯಾಸಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗಿ ಬಸವಳಿದವರಿದ್ದಾರೆ. ವಯಸ್ಸಿಗೆ ಆಧಾರವಾಗಿ ಸಾಮಾನ್ಯವಾಗಿ ಕೇಳುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು. ಅದರಲ್ಲಿ ಅಚ್ಚಾಗುವ ಹೆಸರು, ದಿನಾಂಕಗಳು ಶಾಲೆಯ ದಾಖಲೆಯಿಂದ ಬಂದವು. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು, ಆ ದಾಖಲೆಯಲ್ಲಿ ತನ್ನ ಹೆಸರು ಹೇಗಿದೆಯೆಂದು ಈ ವರ್ಷವೇ ನೋಡಿಕೊಳ್ಳಬಹುದು.