ತಟ್ಟೆ ಬೇರೆ, ಗಾಳಿ ಒಂದೇ

ಹಂಚಿನ ಸಂದಿಯಿಂದ ಮನೆಯೊಳಕ್ಕೆ ಇಳಿಯುವ ಬಿಸಿಲುಕೋಲನ್ನು ನೋಡಿದ್ದೀರಾ ಮಕ್ಕಳೇ? ತಾರಸಿ ಮನೆಯವರು ಕಿಟಕಿಯ ಪರದೆಯನ್ನು ಒಂದಿಷ್ಟು ಸರಿಸಿದರೂ ಸಾಕು, ಕಾಣುತ್ತದೆ. ಅದರೊಳಗೆ ಸಣ್ಣ ಸಣ್ಣ ಕಣಗಳು ಕುಣಿಯುತ್ತಿರುತ್ತವೆ. ಕೈ ಹಾಕಿದರೆ ಸಿಗುವುದಿಲ್ಲ. ಬಿಸಿಲು ಸರಿದ ಮೇಲೆ ಅವು ಎಲ್ಲಿಗೂ ಹೋಗುವುದಿಲ್ಲ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅವುಗಳಲ್ಲಿ ಬಟ್ಟೆಯ ನೂಲು ಇದೆ, ಮಣ್ಣಿನ ಧೂಳು ಇದೆ, ನಮ್ಮದೇ ಚರ್ಮದ ಹುಡಿ ಇದೆ. ಬಿಸಿಲುಕೋಲಿನಲ್ಲೂ ಕಾಣದಷ್ಟು ಚಿಕ್ಕ ಸೂಕ್ಷ್ಮಜೀವಿಗಳೂ ಜೊತೆಗಿವೆ.

ಗಾಳಿಯಲ್ಲಿ ಜೀವಿಗಳಿವೆಯೆಂದು ತೋರಿಸಲು ಫ್ರಾನ್ಸಿನ ಲೂಯಿ ಪ್ಯಾಸ್ಟರ್ 1860ರಲ್ಲಿ ಒಂದು ಸೊಗಸಾದ ಕೆಲಸ ಮಾಡಿದರು. ಗಾಜಿನ ಬುರುಡೆಗಳಲ್ಲಿ ಸಕ್ಕರೆ ಬೆರೆಸಿದ ರಸವನ್ನು ಕುದಿಸಿ, ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದರು. ಇಪ್ಪತ್ತು ಬುರುಡೆಗಳನ್ನು ಬೆಟ್ಟದ ತಪ್ಪಲಿನ ಹಳ್ಳಿಗಾಡಿನಲ್ಲಿ, ಇಪ್ಪತ್ತನ್ನು ಬೆಟ್ಟದ ಮೇಲೆ, ಮತ್ತೆ ಇಪ್ಪತ್ತನ್ನು ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ತೆರೆದು, ಒಂದಿಷ್ಟು ಗಾಳಿ ತುಂಬಿಸಿ ಮತ್ತೆ ಮುಚ್ಚಿದರು. ತಪ್ಪಲಿನ ಎಂಟು ಬುರುಡೆಗಳಲ್ಲಿ ರಸ ಕೆಟ್ಟಿತು, ಬೆಟ್ಟದ ಮೇಲಿನವುಗಳಲ್ಲಿ ಐದು ಕೆಟ್ಟವು, ಹಿಮದ ಬಳಿಯದರಲ್ಲಿ ಒಂದೇ ಒಂದು! ಗಾಳಿ ಎಲ್ಲೆಡೆ ಇದೆ, ಆದರೆ ಅದರ ಹೊರೆ ಎಲ್ಲೆಡೆ ಒಂದೇ ಅಲ್ಲ.

ಈ ಜೀವಿಗಳಲ್ಲಿ ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ. ಬಹಳವೆಂದರೆ ಅಜ್ಜಿಯ ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಹಿಡಿಸಿ ಬೈಸಿಕೊಳ್ಳುತ್ತವೆ. ಕೆಲವು ಮಾತ್ರ ಅಪಾಯದವು. ದಡಾರದ ವೈರಸ್ಸು, ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಕೋವಿಡ್ ಕಾಲವನ್ನಂತೂ ನೀವೆಲ್ಲ ಕಂಡವರೇ. ನಾನಿಲ್ಲಿ ಹೇಳಹೊರಟಿದ್ದು ಇವೆರಡಕ್ಕಿಂತ ನಿಧಾನಿಯಾದ, ಹಟಮಾರಿಯಾದ ಕ್ಷಯದ ಬಗ್ಗೆ.

ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲೇ ತೋರಿಸಿಕೊಟ್ಟರು. ಆದರೆ ಅದು ಒಬ್ಬರಿಂದ ಒಬ್ಬರಿಗೆ ದಾಟುವ ದಾರಿ ಬಹುಕಾಲ ಗೊಂದಲದಲ್ಲೇ ಇತ್ತು. ಉಗುಳು, ಧೂಳು, ಬಟ್ಟೆ, ಪಾತ್ರೆ ಎಲ್ಲದರ ಮೇಲೂ ಜನರಿಗೆ ಅನುಮಾನ. ಅಮೆರಿಕದ ವಿಲಿಯಂ ವೆಲ್ಸ್ ಎಂಬವರು 1930ರ ದಶಕದಲ್ಲಿ ಹೇಳಿದ್ದು ಹೀಗೆ: ಕೆಮ್ಮಿದಾಗ ಹಾರುವ ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಳುವ ಮೊದಲೇ ಆರಿ, ಅವುಗಳೊಳಗಿನ ಕ್ರಿಮಿ ಒಣ ಕಣವಾಗಿ ಗಂಟೆಗಟ್ಟಲೆ ತೇಲುತ್ತದೆ. ಈ ಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಐದು ಭಾಗದಷ್ಟಿರುತ್ತವೆ. ಉಸಿರಿನೊಡನೆ ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ.

ಇದನ್ನು ಪರೀಕ್ಷಿಸಲು ವೆಲ್ಸ್ ಮತ್ತು ರಿಚರ್ಡ್ ರೈಲಿ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಮೇಲಿನ ಕೋಣೆಗೆ ಹಾಯಿಸಿದರು. ಅಲ್ಲಿದ್ದದ್ದು ಗಿನಿ ಹಂದಿಗಳು. (ಹೆಸರಿಗೆ ಹಂದಿ, ನೋಡಲು ಬಾಲವಿಲ್ಲದ ದಪ್ಪ ಇಲಿ.) ಅವು ರೋಗಿಗಳ ಮುಖ ನೋಡಲಿಲ್ಲ, ತಟ್ಟೆ ಮುಟ್ಟಲಿಲ್ಲ, ಗಾಳಿಯನ್ನಷ್ಟೇ ಉಸಿರಾಡಿದವು. ಆದರೂ ತಿಂಗಳಿಗೆ ಸರಾಸರಿ ಮೂರಕ್ಕೆ ಸೋಂಕು ತಗುಲಿತು. ಪಕ್ಕದ ಇನ್ನೊಂದು ಗುಂಪಿಗೂ ಅದೇ ಗಾಳಿಯನ್ನು ಹಾಯಿಸಿದರು, ಆದರೆ ದಾರಿಯಲ್ಲಿ ನೇರಳಾತೀತ ದೀಪದ ಬೆಳಕು ತೋರಿಸಿ. ಆ ಗುಂಪಿನಲ್ಲಿ ಒಂದಕ್ಕೂ ತಗುಲಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಕ್ಷಯ ಎಂದ ಕೂಡಲೇ ರೋಗಿಗೆ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಆಮೇಲೆ ‘ಪಾಪ, ಥಂಡಿ ಆದೀತು’ ಎಂದು ಕೋಣೆಯ ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿಬಿಡುವುದು! ತಟ್ಟೆ-ಲೋಟದಿಂದ ಕ್ಷಯ ಹರಡುವುದಿಲ್ಲ. ಬೇರೆ ತಟ್ಟೆ ಇಟ್ಟದ್ದರಿಂದ ಆದದ್ದು ರೋಗಿಯ ಮನಸ್ಸಿಗೆ ನೋವು, ಅಷ್ಟೆ. ಬೇರೆಯಾಗಬೇಕಾಗಿದ್ದ ಗಾಳಿ ಮನೆಮಂದಿಗೆಲ್ಲ ಒಂದೇ ಉಳಿಯಿತು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಇದು ಜಮಾ-ಖರ್ಚಿನ ಹಾಗೇ ಕಾಣುತ್ತದೆ. ಪ್ರತಿ ಕೆಮ್ಮೂ ಕೋಣೆಯ ಖಾತೆಗೆ ಒಂದು ಜಮಾ. ಕಿಟಕಿಯಿಂದ ಹೊರಹೋದದ್ದು ಖರ್ಚು. ಕಿಟಕಿ ಮುಚ್ಚಿದರೆ ಬಾಕಿ ಏರುತ್ತಲೇ ಹೋಗುತ್ತದೆ. ಹಳೆಯ ಮನೆಗಳ ಗವಾಕ್ಷಿ, ಎದುರುಬದುರು ಕಿಟಕಿ, ಹೆಂಚಿನ ಸಂದಿ ಈ ಖರ್ಚನ್ನು ತಾವಾಗಿಯೇ ನೋಡಿಕೊಳ್ಳುತ್ತಿದ್ದವು. ಈಗಿನ ಏಸಿ ಕೋಣೆಗಳಲ್ಲಿ ತಂಪಿದೆ, ಆದರೆ ಹೆಚ್ಚಿನವುಗಳಲ್ಲಿ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ನನ್ನ ಮಟ್ಟಿಗೆ ಗವಾಕ್ಷಿಯೇ ಜಾಣ.

ಹಾಗಾದರೆ ರೋಗಿಯನ್ನು ಮನೆಯಿಂದ ದೂರ ಕಳಿಸಬೇಕೇ? 1956ರಲ್ಲಿ ಮದರಾಸಿನಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿದರು. ಉಳಿದವರಿಗೆ ಇಕ್ಕಟ್ಟಾದ ಅವರ ಮನೆಗಳಲ್ಲೇ ಮಾತ್ರೆ ಕೊಟ್ಟರು. ಮನೆಯಲ್ಲೇ ಉಳಿದವರ ಕುಟುಂಬಗಳಲ್ಲಿ ಕ್ಷಯ ಹೆಚ್ಚೇನೂ ಕಾಣಿಸಲಿಲ್ಲ. ಸರಿಯಾದ ಔಷಧಿ ಶುರುವಾದರೆ ರೋಗ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಹೆಚ್ಚಿನ ಅಪಾಯ ಇರುವುದು ರೋಗ ಗೊತ್ತಾಗುವ ಮೊದಲಿನ ತಿಂಗಳುಗಳಲ್ಲಿ.

ಆ ತಿಂಗಳುಗಳು ಹೇಗೆ ಕಳೆಯುತ್ತವೆ? ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದರು. ರೋಗ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಆದರೆ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎನ್ನುವವರು ಈ ಲೆಕ್ಕವನ್ನು ನೋಡಬೇಕು.

ಸೋಂಕು ತಗುಲಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಹೆಚ್ಚೆಂದರೆ ಹತ್ತರಲ್ಲಿ ಒಬ್ಬರಿಗೆ. ಆದರೆ ಐದು ವರ್ಷದೊಳಗಿನ ಮಕ್ಕಳಿಗೂ ಸಕ್ಕರೆ ಕಾಯಿಲೆಯವರಿಗೂ ಅಪಾಯ ಜಾಸ್ತಿ. ಅಂದರೆ ಒಂದೇ ಮಂಚದಲ್ಲಿ ಮಲಗುವ ಮೊಮ್ಮಗು ಮತ್ತು ಅಜ್ಜ ಇಬ್ಬರಿಗೂ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡೇ ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ ಕ್ರಿಮಿ ಮತ್ತೆ ತಲೆಯೆತ್ತುತ್ತದೆ, ಆಗ ಅದೇ ಮಾತ್ರೆಗೆ ಬಗ್ಗದೆಯೂ ಇರಬಹುದು.

ಹಿರಿಯರು ‘ಇದು ಹಳೇ ಕೆಮ್ಮು ಬಿಡು’ ಎನ್ನುವುದರಲ್ಲಿ ನಿಸ್ಸೀಮರು; ನನ್ನ ವಯಸ್ಸಿನವರನ್ನು ನಾನು ಬಲ್ಲೆ. ಆದ್ದರಿಂದ ಲೆಕ್ಕ ಇಡುವ ಕೆಲಸ ಮಕ್ಕಳಿಗಿರಲಿ. ಅಜ್ಜನೋ ಅಜ್ಜಿಯೋ ಕೆಮ್ಮಲು ಶುರು ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ದಿನಕ್ಕೊಂದರಂತೆ ಹದಿನಾಲ್ಕು ಗೀಟಾದರೆ ಅಪ್ಪ ಅಮ್ಮನಿಗೆ ತೋರಿಸಿ. ಅಷ್ಟರವರೆಗೆ ಆ ಕೋಣೆಯ ಕಿಟಕಿ ತೆರೆದಿರಲಿ. ಚಳಿಯಾದರೆ ಅಜ್ಜನಿಗೆ ಇನ್ನೊಂದು ಕಂಬಳಿ ಹೊದಿಸಿ.