ಮಕ್ಕಳಿಗೆ ಹುಡುಕುವ ವಿದ್ಯೆ

ಕಳೆದ ವರ್ಷ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕಾಗಿ ಅರ್ಜಿ ಹಾಕಬೇಕಾಗಿದ್ದಿತು. ಅಂತರಜಾಲದಲ್ಲಿ ಎರಡು ಶಬ್ದಗಳನ್ನು ಬರೆದಳು. ಎಲ್ಲಕ್ಕೂ ಮೇಲೆ ಬಂದ ಪುಟವನ್ನು ತೆರೆದಳು. ಅಲ್ಲಿ ಕೇಳಿದಂತೆ ತಂದೆಯ ಫೋನಿನಿಂದ 500 ರೂಪಾಯಿಗಳ ಶುಲ್ಕವನ್ನೂ ಕಟ್ಟಿದಳು. ಅದು ಸರ್ಕಾರದ ಪುಟವಲ್ಲ, ಯಾರೋ ವಂಚಕರು ಹಣ ತೆತ್ತು ಮೇಲೆ ಹಾಕಿಸಿದ ಜಾಹೀರಾತೆಂದು ತಿಳಿಯುವಷ್ಟರಲ್ಲಿ ಅರ್ಜಿಯ ಕಡೆಯ ದಿನವು ಕಳೆದುಹೋಗಿದ್ದಿತು. ಹೋದ ಐನೂರಕ್ಕಿಂತ ಕೈತಪ್ಪಿದ ವೇತನವೇ ಆ ಮನೆಗೆ ದೊಡ್ಡ ನಷ್ಟವಾಯಿತು. ಹುಡುಗಿಯು ದಡ್ಡಳಲ್ಲ, ಮನೆಯ ಹಿರಿಯರಿಗೆಲ್ಲ ಫೋನಿನ ಬಳಕೆಯನ್ನು ಕಲಿಸಿದವಳೇ ಅವಳು. ಆದರೆ ಹುಡುಕುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ನಾವೂ ಕಲಿಸಿರಲಿಲ್ಲ.

ನಿಘಂಟನ್ನು ನೋಡುವ ಕ್ರಮವನ್ನು ನಾವು ಗುರುಗಳ ಬಳಿ ಕುಳಿತು ಕಲಿತವರು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಒಂದು ಶಬ್ದವನ್ನು ಕಾಣಬೇಕಾದರೆ ಅಕ್ಷರಗಳ ಅನುಕ್ರಮವು ಬಾಯಿಗೆ ಬರಬೇಕು. ಅಲ್ಲಿ ಹುಡುಕುವುದು ಶ್ರಮ. ಆದರೆ ದೊರೆತುದರ ಮೇಲೆ ಒಬ್ಬ ಪಂಡಿತನ ದೃಷ್ಟಿಯು ಬಿದ್ದಿರುತ್ತದೆ. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ತೆರೆದ ಅಂತರಜಾಲದಲ್ಲಿ ಈ ಕ್ರಮವು ತಲೆಕೆಳಗಾಯಿತು. ಇಲ್ಲಿ ದೊರೆಯುವುದು ಸುಲಭ; ನಂಬುವುದೇ ಕಷ್ಟ. ಬಲ್ಲವರೂ ಬರೆಯುತ್ತಾರೆ, ಅರಿಯದವರೂ ಬರೆಯುತ್ತಾರೆ, ಮೋಸಗಾರರೂ ಬರೆಯುತ್ತಾರೆ.

ಹುಡುಕಿಕೊಡುವ ಯಂತ್ರವು ಇವರನ್ನು ಸೋಸಿ ಕೊಡುವುದೆಂದು ಮಕ್ಕಳು ತಿಳಿಯುವುದುಂಟು. ಅದು ಪೂರ್ತಿ ಸರಿಯಲ್ಲ. 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ಯುವಕರ ಮೂಲ ಯುಕ್ತಿಯು ಇಷ್ಟೇ: ಯಾವ ಪುಟದ ಕಡೆಗೆ ಇತರ ಪುಟಗಳು ಹೆಚ್ಚಾಗಿ ಕೈತೋರಿಸುವವೋ ಅದು ಮುಖ್ಯವಾದುದು. ಅನಂತರ ಇನ್ನೂ ಅನೇಕ ಲೆಕ್ಕಗಳು ಸೇರಿವೆ. ಆದರೂ ಪ್ರಸಿದ್ಧಿಯೇ ಸತ್ಯವಲ್ಲ, ಮೇಲಿರುವುದೆಲ್ಲ ಮೇಲಾದುದಲ್ಲ.

ಅಮೆರಿಕೆಯಲ್ಲಿ ನಡೆದ ಒಂದು ಪರೀಕ್ಷೆಯು ವಿನೋದವಾಗಿದೆ. ಆಕ್ಟೋಪಸ್ ಎಂಬ ಎಂಟು ತೋಳುಗಳ ಕಡಲಜೀವಿಯು ಕಾಡಿನ ಮರಗಳ ಮೇಲೆ ವಾಸಿಸುತ್ತದೆಂದು ಯಾರೋ ಹಾಸ್ಯಕ್ಕಾಗಿ ಒಂದು ಪುಟವನ್ನು ರಚಿಸಿದ್ದರು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ ಬಹುತೇಕ ಎಲ್ಲರೂ ನಂಬಿದರು. ಸುಳ್ಳೆಂದು ಹೇಳಿದ ಮೇಲೂ ಕೆಲವರು ಒಪ್ಪಲಿಲ್ಲವಂತೆ!

ದೊಡ್ಡವರು ನಗುವಂತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಮಂದಿ ಇತಿಹಾಸ ಪಂಡಿತರು, 25 ಮಂದಿ ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಸತ್ಯವನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗುಳ್ಳ 10 ಮಂದಿ ಇದ್ದರು. ಪಂಡಿತರೂ ವಿದ್ಯಾರ್ಥಿಗಳೂ ಪುಟದ ಒಳಗೇ ಇದ್ದು ಅದರ ಅಂದಕ್ಕೂ ಗಂಭೀರ ಹೆಸರಿಗೂ ಅನೇಕ ಸಲ ಮರುಳಾದರು. ಪರೀಕ್ಷಕರಾದರೋ ಅಪರಿಚಿತ ಪುಟವನ್ನು ಬೇಗನೆ ಬಿಟ್ಟು, ಇದನ್ನು ನಡೆಸುವವರು ಯಾರು, ಇವರ ವಿಷಯದಲ್ಲಿ ಇತರರು ಏನೆನ್ನುತ್ತಾರೆ ಎಂದು ಬೇರೆಡೆ ವಿಚಾರಿಸಿದರು. ಹೆಣ್ಣು ಕೊಡುವ ಮನೆಯವರು ವರನ ಗುಣವನ್ನು ವರನನ್ನೇ ಕೇಳಿ ನಿಶ್ಚಯಿಸುವರೆ? ಊರವರನ್ನು ವಿಚಾರಿಸುವರಷ್ಟೆ. ಇದೂ ಅದೇ ವಿವೇಕ.

ಇದನ್ನು ಮನೆಯಲ್ಲಿಯೇ ಕಲಿಸಬಹುದು. ಮೊದಲು, ಮಗುವು ಏನನ್ನು ತಿಳಿಯಬೇಕೆಂಬುದನ್ನು ಬಾಯಲ್ಲಿ ಪೂರ್ತಿಯಾಗಿ ಹೇಳಲಿ. ‘ಜ್ವರ’ ಎಂದು ಬರೆದರೆ ಕಾಡಿನಲ್ಲಿ ಬಿಟ್ಟಂತೆ; ‘ಡೆಂಗಿ ಜ್ವರದ ಲಕ್ಷಣಗಳು’ ಎಂದರೆ ದಾರಿ ಸಿಕ್ಕಿತು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹುಡುಕಲಿ. ಎರಡರ ಫಲವೂ ಬೇರೆ. ಬಳಿಕ, ಪಟ್ಟಿಯು ಬಂದೊಡನೆ ಬೆರಳನ್ನು ತಡೆದು ಕಣ್ಣನ್ನು ಓಡಿಸಲಿ. ‘ಸ್ಪಾನ್ಸರ್ಡ್’ ಎಂದಿದ್ದರೆ ಅದು ಜಾಹೀರಾತು. ನಮ್ಮ ಸರ್ಕಾರದ ಪುಟಗಳ ವಿಳಾಸವು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಆ ಅಕ್ಷರಗಳು ಹೆಸರಿನ ನಡುವೆ ಎಲ್ಲಿಯೋ ಇದ್ದರೆ ಸಾಲದು. ಕಡೆಯದಾಗಿ, ಹಣ, ಔಷಧ, ಅರ್ಜಿಗಳ ವಿಷಯವಾದರೆ ಎರಡನೆಯ ಕಡೆ ವಿಚಾರಿಸದೆ ಮುಂದುವರಿಯಬಾರದು. ಇಷ್ಟಾಗಿಯೂ ಹಣವು ವಂಚಕರ ಪಾಲಾದರೆ ನಾಚದೆ, ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡತಕ್ಕದ್ದು.

ಈಚೆಗೆ ಯಂತ್ರವೇ ಉತ್ತರವನ್ನು ರಚಿಸಿ ಪಟ್ಟಿಯ ಮೇಲೆ ಇಡುವ ಪದ್ಧತಿಯೂ ಬಂದಿದೆ. ಅದರ ಮಾತು ನಯವಾದುದು, ಆದರೆ ತಪ್ಪುವುದುಂಟು. ಆದಕಾರಣ ಅದು ಆಧಾರವಾಗಿ ತೋರಿಸುವ ಪುಟಗಳನ್ನು ತೆರೆದು ನೋಡುವ ಅಭ್ಯಾಸವು ಈಗ ಹೆಚ್ಚು ಅವಶ್ಯವಾಗಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳಲು ಮಗಳಿಗೆ ಕಲಿಸುವ ತಾಯಿಗೆ ಈ ವಿದ್ಯೆಯು ಹೊಸದಲ್ಲ. ಈ ವರ್ಷ ಅರ್ಜಿಯ ಕಾಲವು ಬಂದಾಗ ನೆರೆಮನೆಯ ಹುಡುಗಿಯು ನಮ್ಮ ಜಗಲಿಗೆ ಬಂದಳು. ವಿಳಾಸವನ್ನು ಅವಳೇ ಅಕ್ಷರಶಃ ಓದಿ ಹೇಳಿದಳು. ಕಾಲೇಜಿನ ಕಚೇರಿಯಲ್ಲಿ ಕೇಳಿ ದೃಢಪಡಿಸಿಕೊಂಡ ಮೇಲೆಯೇ ಅರ್ಜಿಯನ್ನು ತುಂಬಿದಳು. ಆ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆ ಅರ್ಧ ಗಂಟೆಯನ್ನು ನಾವು ಹಿಂದಿನ ವರ್ಷವೇ ಕೊಡಬಹುದಾಗಿದ್ದಿತು.