ಕಂಬಕ್ಕೆ ಬೆಲೆ ಬಂತು, ಗೋಡೆಗೆ ಬರಲಿಲ್ಲ

ಆಯನೂರಿನಲ್ಲಿ ಬಸ್ಸಿಗೆ ಕಾಯುವಾಗ ಸಾಗರದ ಕಡೆಯಿಂದ ಹಳೆ ಮನೆಯ ಮರ ಹೇರಿಕೊಂಡು ಬರುವ ಲಾರಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಕೆತ್ತನೆಯ ಕಂಬ, ಬೋದಿಗೆ, ಹೊಸ್ತಿಲು ಸಮೇತ ಕಿತ್ತ ಬಾಗಿಲುವಾಡ. ಯಾರದೋ ತೊಟ್ಟಿಮನೆ ಇನ್ಯಾವುದೋ ರೆಸಾರ್ಟಿನ ಅಲಂಕಾರವಾಗಲು ಹೊರಟಿದೆ ಎಂದುಕೊಳ್ಳುತ್ತೇನೆ.

ಇಂಗ್ಲೆಂಡಿನಲ್ಲೂ ಇದೇ ಆಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ಜಮೀನ್ದಾರರ ನೂರಾರು ಬಂಗಲೆಗಳು ನೆಲಸಮವಾದವು. ವಾರಸುದಾರರ ಮೇಲೆ ಬಿದ್ದ ತೆರಿಗೆ, ಕುಸಿದ ಜಮೀನಿನ ಆದಾಯ, ಎರಡು ಮಹಾಯುದ್ಧ ಎಲ್ಲವೂ ಸೇರಿ ಅವನ್ನು ಮುಗಿಸಿದವು. ಕಿರ್ಟ್‌ಲಿಂಗ್ಟನ್ ಪಾರ್ಕ್ ಎಂಬ ಬಂಗಲೆ ಉಳಿಯಿತಾದರೂ ಅದರ ಊಟದ ಕೋಣೆಯ ಗಾರೆಯ ಅಲಂಕಾರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅಳಿದ ಬಂಗಲೆಗಳ ಫೋಟೊಗಳನ್ನು ಪ್ರದರ್ಶಿಸಿತು. ಅವುಗಳ ಹೆಸರುಗಳನ್ನು ಅಲ್ಲಿ ಒಂದೊಂದಾಗಿ ಓದಿ ಕೇಳಿಸುತ್ತಿದ್ದರಂತೆ. ಉಳಿದ ಮನೆಗಳ ಬಗ್ಗೆ ಜನ ಯೋಚಿಸತೊಡಗಿದ್ದರಲ್ಲಿ ಆ ಪ್ರದರ್ಶನದ ಪಾಲು ದೊಡ್ಡದು.

ಅದೇ 1974ರಲ್ಲಿ ನಮ್ಮಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯನಾದ. ಗೇಣಿ ಭತ್ತ ನಿಂತ ಮೇಲೆ ಎಷ್ಟೋ ದೊಡ್ಡ ಮನೆಗಳಲ್ಲಿ ಹೆಂಚು ಕೈಯಾಡಿಸಲೂ ಹಣವಿರಲಿಲ್ಲ. ಕರಾವಳಿಯಲ್ಲಿ ಹೀಗೆ ಪಾಳುಬಿದ್ದ ಮನೆಗಳನ್ನು ಮಣಿಪಾಲದ ವಿಜಯನಾಥ ಶೆಣೈ ಬಿಚ್ಚಿಸಿ ತಂದು ಮತ್ತೆ ಜೋಡಿಸಿದರು. 1816ರ ಕುಂಜೂರು ಚೌಕಿಮನೆ ಇವತ್ತು ನೋಡಲು ಸಿಗುವುದು ಅವರಿಂದಾಗಿ.

ಹಾಗೆಂದು ಆ ವೈಭವಕ್ಕಾಗಿ ಕಣ್ಣೀರು ಹಾಕಲು ನನ್ನಿಂದಾಗದು. ನಮ್ಮಜ್ಜ ಗೇಣಿದಾರ. ಒಡೆಯರ ಮನೆಯ ಹೊರಜಗಲಿ ದಾಟಿ ಒಳಗೆ ಕಾಲಿಟ್ಟವರಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ಜಿಲ್ಲೆಯಲ್ಲೇ. ಆದರೂ ಆ ಕಂಬಗಳನ್ನು ಕೆತ್ತಿದ್ದು ಒಡೆಯರಲ್ಲ, ಹೆಸರೇ ಉಳಿಯದ ಆಚಾರಿಗಳು. ಅವರ ಕೈಕೆಲಸವನ್ನು ಹೇಗೆ ಬೇಡವೆನ್ನಲಿ?

ಅಲಂಕಾರ ಇದ್ದದ್ದು ಒಡೆಯರ ಮನೆಯಲ್ಲಿ ಮಾತ್ರವೂ ಅಲ್ಲ. ಕಾಗೋಡಿನಲ್ಲಿ ಹೋರಾಡಿದ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದರು. ಅಕ್ಕಿಯ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯ ಮನೆಯಲ್ಲಂತೂ ಚಿತ್ತಾರ ಬೇಕೇ ಬೇಕು. ಅಳತೆಪಟ್ಟಿ ಇಲ್ಲದೆ ಎಳೆದ ಆ ಗೆರೆಗಳನ್ನು ನೋಡಿದರೆ ಇಂಜಿನಿಯರಿಂಗ್ ಓದಿದವರೂ ಬೆರಗಾಗುತ್ತಾರೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಕಂಬ, ತೊಲೆಗಳನ್ನು ಬಿಚ್ಚಿ ಹೇರಿ ತರಬಹುದಿತ್ತು. ಮಣ್ಣಿನ ಗೋಡೆಯನ್ನು ತರುವುದು ಹೇಗೆ? ಈಗ ಮುಳುಗದ ಊರುಗಳಲ್ಲೂ ಮಣ್ಣಿನ ಗೋಡೆ ಹೋಗಿ ಸಿಮೆಂಟು, ಪೇಂಟು ಬಂದಿದೆ. ಬೆಚ್ಚಗಿನ ಗಟ್ಟಿ ಮನೆ ಎಲ್ಲರಿಗೂ ಬೇಕು, ಅದನ್ನು ತಪ್ಪೆನ್ನಲಾರೆ. ಚಿತ್ತಾರ ಬಟ್ಟೆ, ಕಾಗದಕ್ಕೆ ಇಳಿದು ಕೆಲವರಿಗೆ ನಾಲ್ಕು ಕಾಸು ತರುತ್ತಿರುವುದೂ ಒಳ್ಳೆಯದೇ. ಆದರೆ ಯಾವ ಗೋಡೆಯಲ್ಲಿ, ಯಾವ ಹೊತ್ತಿಗೆ, ಯಾರು ಬರೆಯುತ್ತಿದ್ದರು ಎಂಬುದು ಮನೆಯೊಂದಿಗೇ ಹೋಗುತ್ತಿದೆ.

ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಗೆಳೆಯರೇ, ಊರಲ್ಲಿ ಹಳೆ ಮನೆ ಕೆಡವುತ್ತಾರೆಂದು ತಿಳಿದರೆ ಒಂದು ದಿನ ಮೊದಲೇ ಹೋಗಿ. ಅಂಕಣ ಎಷ್ಟು, ಕಂಬ ಯಾವ ಮರದ್ದು ಎಂದು ಬರೆದುಕೊಳ್ಳಿ. ಆ ಮನೆಯ ಅಜ್ಜಿಯಿಂದ ಚಿತ್ತಾರದ ಎಳೆಗಳ ಹೆಸರು ಕೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಕಂಬದ ಫೋಟೊ ಕೊಳ್ಳುವವನೇ ತೆಗೆದುಕೊಳ್ಳುತ್ತಾನೆ. ನೀವು ಮೊದಲು ಗೋಡೆಯದ್ದು ತೆಗೆಯಿರಿ.